ಉಳದವನೇ ಹೊಲದೊಡೆಯ

ಮುಂಬಯಿ, ಬೆಂಗಳೂರು, ದುಬೈಗಳಲ್ಲಿ ಸುಖವಾಗಿರುವ, ಉಡುಪಿ ಸೀಮೆಯ ನಮ್ಮ ಬೈಲಿನ ಪಹಣಿಯಲ್ಲಿ ಜಂಟಿಯಾಗಿ ಕೂತಿರುವ ಹನ್ನೊಂದು ಮಂದಿ ಧಣಿಗಳ ಸನ್ನಿಧಾನಕ್ಕೆ, ನಿಮ್ಮ ಪಕ್ಕದ ಗದ್ದೆಯವನ ನಮಸ್ಕಾರಗಳು.

ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯಬೇಕೆಂದಿದ್ದೆ. ಆದರೆ ನಿಮ್ಮಲ್ಲಿ ಮೂವರ ವಿಳಾಸ ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಇಬ್ಬರು ತೀರಿಕೊಂಡು ವರ್ಷಗಳಾದರೂ ಪಹಣಿಯಲ್ಲಿ ಆರೋಗ್ಯವಾಗಿದ್ದಾರೆ. ಉಳಿದವರಿಗೆ ಪರಸ್ಪರ ಮಾತುಕತೆ ಇಲ್ಲ. ಹಾಗಾಗಿ ಬಹಿರಂಗ ಪತ್ರವೇ ಗತಿ.

ಮೊದಲು ಶುಭ ಸಮಾಚಾರ. ನಿಮ್ಮ ಗದ್ದೆ ಹಸುರಾಗಿದೆ. ನಿಮ್ಮಲ್ಲೊಬ್ಬರು ಗೂಗಲ್ ಮ್ಯಾಪ್ ನೋಡಿ ಫೋನು ಮಾಡಿ, "ಇಷ್ಟು ಹಸುರಿದೆ ಮಾರಾಯ, ಹಡಿಲು ಅಂತ ಯಾಕೆ ದೂರು ಹೇಳ್ತಿ?" ಎಂದು ಕೇಳಿದ್ದರು. ಸತ್ಯವೇ. ಜೊಂಡು, ಕಾಡುಕೆಸು, ನಾಚಿಕೆಮುಳ್ಳು, ತೋಡಿನ ಬದಿಗೆ ಮುಂಡೇವು, ಗದ್ದೆಯಂಚಿನ ಹುಣಿಯ ಮೇಲೆ ಆಳೆತ್ತರದ ಕಮ್ಯುನಿಸ್ಟ್ ಗಿಡ. ಒಂದು ಕಾಗದವನ್ನೂ ಕೊಡದೆ ನಿಮ್ಮ ಜಾಗ ವಶ ಮಾಡಿಕೊಂಡ ಕಮ್ಯುನಿಸ್ಟ್ ಎಂದರೆ ಇದೊಂದೇ. ಇದರ ಮೇಲೆ ನಿಮಗೆ ಯಾವ ಸಂಶಯವೂ ಇದ್ದಂತಿಲ್ಲ. ಹಂದಿಗಳು ಮೂರು ತಲೆಮಾರಿನಿಂದ ಅಲ್ಲೇ ಸಂಸಾರ ಹೂಡಿವೆ. ಪಹಣಿಯ 12ನೇ ಕಾಲಮಿನಲ್ಲಿ ಮಾತ್ರ ಬಹುಕಾಲ ಭತ್ತವೇ ಬೆಳೆಯುತ್ತಿತ್ತು. ಕಾಗದದಲ್ಲಿ ಬೆಳೆದ ಭತ್ತವನ್ನು ಹಂದಿ ಮುಟ್ಟುವುದಿಲ್ಲ ನೋಡಿ.

ನಮ್ಮ ಗದ್ದೆ ಬೇಸಾಯವಿಲ್ಲದೆ ಹಡಿಲು ಬಿದ್ದರೆ ನಿನಗೇನು ಹೊಟ್ಟೆನೋವು ಎಂದು ನೀವು ಕೇಳಬಹುದು. ಹೊಟ್ಟೆನೋವಲ್ಲ, ಸೊಂಟನೋವು. ಬೆಟ್ಟುಗದ್ದೆ ಮೇಲೆ ಕೂತು ಮಳೆ ಕಾಯುತ್ತದೆ, ಮಜಲು ನಡುವೆ ನಿಭಾಯಿಸುತ್ತದೆ, ಬೈಲು ಎಲ್ಲರ ನೀರನ್ನೂ ಹೊರುತ್ತದೆ. ಆ ನೀರೇ ಹಿಂದೆ ಏಣೆಲು, ಸುಗ್ಗಿ, ಕೊಳಕೆ ಎಂದು ವರ್ಷಕ್ಕೆ ಮೂರು ಬೆಳೆ ಕೊಡುತ್ತಿತ್ತು. ನನ್ನ ಗದ್ದೆಯ ನೀರು ಹುಣಿಯ ಕಂಡಿಯಿಂದ ನಿಮ್ಮ ಗದ್ದೆಗೆ ಇಳಿಯಬೇಕು, ನಿಮ್ಮದರಿಂದ ತೋಡಿಗೆ. ನೀವು ಬಿಟ್ಟ ಎರಡನೇ ವರ್ಷ ಕಂಡಿ ಮುಚ್ಚಿತು. ಮೂರನೇ ವರ್ಷ ತೋಡಿನಲ್ಲಿ ಹೂಳು ತುಂಬಿ ಅದರ ಮೇಲೂ ಜೊಂಡು ನಿಂತಿತು. ಹಡಿಲು ಬಿದ್ದದ್ದು ನಿಮ್ಮದು, ಮುಳುಗಿದ್ದು ನನ್ನದು. ಟಿಲ್ಲರ್ ಹೂತುಹೋಯಿತು, ಅದನ್ನು ಎಳೆಯಲು ಬಂದ ಟ್ರ್ಯಾಕ್ಟರೂ ಹೂತಿತು. ಕೊನೆಗೆ ಎರಡನ್ನೂ ಮೇಲೆತ್ತಿದವರು 'ಕೆಸರ್ಡೊಂಜಿ ದಿನ'ದ ಹಗ್ಗಜಗ್ಗಾಟದ ಹುಡುಗರು. ವರ್ಷಕ್ಕೊಂದು ದಿನ ಟೀ ಶರ್ಟು ಹೊಲಿಸಿಕೊಂಡು ಕೆಸರಿಗೆ ಬೀಳುವ ಆ ಹಬ್ಬದಿಂದ ಕೃಷಿಗೆ ಆದ ಉಪಕಾರ ನಾನು ಕಂಡದ್ದು ಅದೊಂದೇ.

ಅಂದಿನಿಂದಲೇ ನಾನು ನಿಮ್ಮ ಬೆನ್ನು ಬಿದ್ದದ್ದು. ಗದ್ದೆ ಕೊಡಿ, ನಾನೇ ಬೇಸಾಯ ಮಾಡುತ್ತೇನೆ ಎಂದೆ. ಮುಂಬಯಿಯಿಂದ ಬಂದ ಉತ್ತರ: "ನಾಳೆ ನೀನು ಡಿಕ್ಲರೇಶನ್ ಕೊಟ್ಟರೆ?"

ಅಣ್ಣ, ಆ ಪದ ನಿಮ್ಮ ಬಾಯಲ್ಲಿ ಕೇಳಿ ನನಗೆ ಕಣ್ಣು ತುಂಬಿ ಬಂತು. ನಿಮ್ಮ ಅಜ್ಜ ಇದೇ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದವರು. ಮಳೆ ಬರಲಿ ಬಿಡಲಿ, ಧಣಿಯ ಮನೆಗೆ ಅಕ್ಕಿ ಮುಡಿ ಹೊತ್ತವರು. ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಂದು, ಗೇಣಿಗಿದ್ದ ಭೂಮಿಯೆಲ್ಲ ಸರ್ಕಾರದ್ದಾಯಿತು. ನಿಮ್ಮ ಅಜ್ಜ ಡಿಕ್ಲರೇಶನ್ ಕೊಟ್ಟು, ಅಂದರೆ 7ನೇ ನಮೂನೆ ತುಂಬಿಸಿ, ಭೂನ್ಯಾಯ ಮಂಡಳಿಯ ಮುಂದೆ ಕೈಮುಗಿದು ನಿಂತರು, ಗದ್ದೆ ಸಿಕ್ಕಿತು. 'ಉಳುವವನೇ ಹೊಲದೊಡೆಯ' ಎಂಬ ಮಾತಿನಿಂದ ಮನೆಗೆ ಬಂದ ಆಸ್ತಿ ಇದು. ಮೊಮ್ಮಕ್ಕಳಾದ ನೀವು ಅದರಲ್ಲಿ ಒಂದೆರಡು ಅಕ್ಷರ ತಿದ್ದಿದ್ದೀರಿ, ಅಷ್ಟೇ. ಅಜ್ಜ ಯಾರಿಗೆ ಹೆದರುತ್ತಿದ್ದರೋ ಆ ಧಣಿ ಈಗ ನೀವೇ. ನೀವು ಯಾರಿಗೆ ಹೆದರುತ್ತೀರೋ ಆ ಒಕ್ಕಲು ನಿಮ್ಮ ಅಜ್ಜ.

ಕಾನೂನೂ ನಿಮ್ಮ ಕಡೆಗೇ ಇದೆ ಬಿಡಿ. ಕೃಷಿಭೂಮಿಯನ್ನು ಗೇಣಿಗೆ ಕೊಡುವುದಕ್ಕೆ 1974ರಿಂದ ನಿಷೇಧ. ಅದೇ ಕಾನೂನಿನ 2020ರ ತಿದ್ದುಪಡಿಯ ಮೇಲೆ, ನೇಜಿ ಯಾವುದು ಹುಲ್ಲು ಯಾವುದು ಗೊತ್ತಿಲ್ಲದವನೂ ಗದ್ದೆ ಕೊಳ್ಳಬಹುದು. ಅಂದರೆ ಉಳದವನಿಗೆ ಮಾರಬಹುದು, ಉಳುವವನಿಗೆ ಒಂದು ಕೊಯ್ಲಿಗೆ ಬರೆದು ಕೊಡುವಂತಿಲ್ಲ. ಉಳಿದದ್ದು ಬಾಯಿಮಾತು. ಒಡಹುಟ್ಟಿದವರ ಬಾಯಿಮಾತನ್ನೇ ನಂಬದ ನೀವು ನನ್ನದನ್ನು ನಂಬುವುದುಂಟೇ?

ಹಾಗೆಂದು ಆಗದ ಕೆಲಸವೇನಲ್ಲ ಇದು. 2021ರಲ್ಲಿ, ಕೊರೊನಾ ನಡುವೆ, ಉಡುಪಿಯಲ್ಲಿ ಹಡಿಲು ಭೂಮಿ ಕೃಷಿ ಆಂದೋಲನ ನಡೆಯಿತಲ್ಲ? ಆಗ ಶಾಸಕರಾಗಿದ್ದ ರಘುಪತಿ ಭಟ್ಟರು ಮುಂದೆ ನಿಂತರು, ಕೇದಾರೋತ್ಥಾನ ಟ್ರಸ್ಟ್ ಆಯಿತು, ಗದ್ದೆಯ ಅಕ್ಕಿ 'ಕೇದಾರ ಕಜೆ' ಎಂಬ ಹೆಸರಿನಲ್ಲಿ ಅಂಗಡಿಗೂ ಬಂತು. ನೇಜಿ ಹಿಡಿದು ಫೋಟೊ ತೆಗೆಸಿಕೊಂಡವರ ಲೆಕ್ಕ ನನ್ನಲ್ಲಿಲ್ಲ. ನೆಡುವ ದಿನ ಜನ ಸಿಗುತ್ತಾರೆ, ಕಳೆ ಕೀಳುವ ದಿನ ಕ್ಯಾಮರಾ ಬರುವುದಿಲ್ಲ. ಆದರೂ ನಾನು ನಗುವುದಿಲ್ಲ. ಒಬ್ಬೊಬ್ಬನೇ ಗುದ್ದಾಡಿದರೆ ಬೈಲು ಏಳುವುದಿಲ್ಲ, ತೋಡಿನ ಹೂಳು ತೆಗೆದು ಇಡೀ ಬೈಲು ಒಟ್ಟಿಗೆ ಇಳಿದರೆ ಏಳುತ್ತದೆ ಎಂಬುದನ್ನು ಅದು ಕಣ್ಣಿಗೆ ತೋರಿಸಿತು.

ಈಗ ಕೆಲಸದ ಮಾತು. ಈ ಏಪ್ರಿಲಿನಲ್ಲಿ ತೋಡಿನಿಂದ ಶುರು. ನೀರು ಹೋಗಲು ದಾರಿಯಾಗದೆ ಗದ್ದೆಗೆ ಯಂತ್ರ ಇಳಿಸುವುದು ದಂಡ ಎಂದು ನನ್ನ ಟಿಲ್ಲರ್ ಕಲಿಸಿದೆ. ಆಮೇಲೆ ಜೊಂಡು ಸವರಿ, ಬುಡದ ಗೆಡ್ಡೆ ಕಿತ್ತು, ಒಂದು ಸಲ ಉತ್ತು ಕೊಳೆಯಲು ಬಿಡಬೇಕು. ಮತ್ತೆ ಚಿಗುರಿದ್ದನ್ನು ಇನ್ನೊಮ್ಮೆ ಉಳಬೇಕು. ನಿಮ್ಮ ಗದ್ದೆಯ ನೀರಿನ ಮೇಲೆ ತುಕ್ಕು ಬಣ್ಣದ, ಎಣ್ಣೆಯಂತೆ ಮಿನುಗುವ ಕೆನೆಯೊಂದು ಕಟ್ಟಿದೆ. ಫೋಟೊ ನೋಡಿದ ನಿಮ್ಮ ದುಬೈಯವರು "ಪೆಟ್ರೋಲ್ ಇರಬಹುದಾ?" ಎಂದು ವಿಚಾರಿಸಿದ್ದರು. ಇಲ್ಲ. ವರ್ಷಗಟ್ಟಲೆ ನೀರು ನಿಂತು ನಮ್ಮ ಮುರಕಲ್ಲು ಸೀಮೆಯ ಮಣ್ಣಿನ ಕಬ್ಬಿಣ ಕರಗಿ ಮೇಲೆದ್ದದ್ದು ಅದು. ನೀರು ಬಸಿದು ಸುಣ್ಣ ಹಾಕದಿದ್ದರೆ ನೇಜಿಯ ಬೇರು ಸುಟ್ಟ ಹಾಗಾಗುತ್ತದೆ. ಬೀಜಕ್ಕೆ ಚಿಂತೆಯಿಲ್ಲ. ನೆರೆಯಲ್ಲಿ ಕೆಲವು ದಿನ ಮುಳುಗಿದರೂ ತಾಳಿಕೊಳ್ಳುವ 'ಸಹ್ಯಾದ್ರಿ ಪಂಚಮುಖಿ' ಎಂಬ ಕೆಂಪಕ್ಕಿಯ ತಳಿ ಬ್ರಹ್ಮಾವರದ ಸಂಶೋಧನಾ ಕೇಂದ್ರದಿಂದ ಬಂದಿದೆ. ಮುಳುಗುವುದರಲ್ಲಿ ನನಗೂ ಅನುಭವವಿದೆ.

ನಿಮಗೆ ಸಿಗುವ ಪಾಲೇನು? ಕಳೆದ ನವರಾತ್ರಿಗೆ ಕಾರಿನಲ್ಲಿ ಬಂದು, ಮನೆದೇವರಿಗೆ ತೆನೆ ಕಟ್ಟಬೇಕೆಂದು ನನ್ನ ಗದ್ದೆಗಿಳಿದು ಒಂದು ಹಿಡಿ ಕದಿರು ಕೊಯ್ದಿರಿ. ನಿಮ್ಮ ಗದ್ದೆಯ ಕಡೆ ತಿರುಗಿ ಒಂದು ಸೆಲ್ಫಿಯನ್ನೂ ತೆಗೆದಿರಿ. ಇನ್ನು ನಿಮ್ಮದೇ ಗದ್ದೆಯ ಕದಿರು ಕೊಡುತ್ತೇನೆ. ಜೊತೆಗೆ ವರ್ಷಕ್ಕೊಂದು ಮುಡಿ ಅಕ್ಕಿ. ಅದನ್ನು ಗೇಣಿ ಎನ್ನಬೇಡಿ, ಪ್ರಸಾದ ಎನ್ನಿ. ಕಾನೂನಿಗೆ ಕಿವಿ ದೊಡ್ಡದು.

ಕಂಡಿ ತೆಗೆಯಲು ಹನ್ನೊಂದು ಮಂದಿಯ ಒಪ್ಪಿಗೆ ಬೇಕು ಎಂದು ನೀವು ಹೇಳುವುದು ನನಗೆ ಗೊತ್ತಿದೆ. ಒಂಬತ್ತು ಮಂದಿ ನೀವು ನಿಮ್ಮೊಳಗೆ ಮಾತಾಡಿಕೊಳ್ಳಿ. ತೀರಿಕೊಂಡ ಇಬ್ಬರನ್ನು ನಾನೇ ಕೇಳುತ್ತೇನೆ. ಗದ್ದೆಯ ವಿಷಯದಲ್ಲಿ ಅವರು ನಿಮ್ಮಷ್ಟು ದೂರ ಹೋಗಿರಲಾರರು.

ಇತಿ,
ಹುಣಿಯಾಚೆಯ ಗದ್ದೆಯವ