ಕಾಂಪೋಸ್ಟ್ ರಾಯರು

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ರಸ್ತೆಗೊಂದು ಗಣಪತಿ ಗುಡಿ ಇರುವ ಹಾಗೆ ಒಬ್ಬ ಕಾಂಪೋಸ್ಟ್ ರಾಯರೂ ಇರುತ್ತಾರೆ. ಹೆಸರು, ಇನಿಷಿಯಲ್ಲು ಬೇರೆ ಬೇರೆ, ಲಕ್ಷಣ ಒಂದೇ. ಯಾವುದೋ ಸರ್ಕಾರಿ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದು ನಿವೃತ್ತಿ, ಮಗ ಅಮೆರಿಕದಲ್ಲಿ, ಮಂಡಿಯಲ್ಲಿ ಸ್ವಲ್ಪ ನೋವು, ಷರಟಿನ ಜೇಬಿನಲ್ಲಿ ಒಂದು ಪುಟ್ಟ ಡೈರಿ. ಬೆಳಗ್ಗೆ ಕಸದ ಆಟೋ ತಿರುವಿನಲ್ಲಿ ಬಂದು ಸೀಟಿ ಊದಿದರೆ ಮಿಕ್ಕವರು ಬಕೆಟ್ ಹಿಡಿದು ಓಡಿ ಬರುತ್ತಾರೆ. ರಾಯರು ಬರಿಗೈಯಲ್ಲಿ ಬರುತ್ತಾರೆ. ಅವರ ಮನೆಯ ಹಸಿ ಕಸ ಕಾಂಪೌಂಡ್ ದಾಟುವುದೇ ಇಲ್ಲ. ಅವರು ಬರುವುದು ಬೇರೆಯವರ ಬಕೆಟ್ಟಿನಲ್ಲಿ ಏನಿದೆ ಎಂದು ನೋಡಲು.

“ಏನಮ್ಮಾ ಇದು, ಹುರುಳಿಕಾಯಿ ಸಿಪ್ಪೆ ಜೊತೆ ಶಾಂಪೂ ಸ್ಯಾಷೆ?”

“ಕೆಲಸದವಳು ಹಾಕಿರ್ಬೇಕು ಅಂಕಲ್.”

ಆ ಬೀದಿಯ ಅಪರಾಧಗಳನ್ನೆಲ್ಲ ಮಾಡುವವಳು ಆ ಕೆಲಸದವಳೇ. ಅವಳು ರಜ ಹಾಕಿ ಊರಿಗೆ ಹೋದ ವಾರವೂ ಅವಳೇ ಮಾಡುತ್ತಾಳೆ. ರಾಯರು ಡೈರಿ ತೆಗೆದು ಬರೆದುಕೊಳ್ಳುತ್ತಾರೆ.

ಈ ಅಧಿಕಾರ ಅವರಿಗೆ ಕೊಟ್ಟವರಾರು ಎಂದು ಕೇಳಬೇಡಿ. ಕೇಳಿದರೆ ಇತಿಹಾಸದ ಪಾಠ ಶುರುವಾಗುತ್ತದೆ. 2012ರಲ್ಲಿ ಮಾವಳ್ಳಿಪುರದ ಕಸದ ಗುಡ್ಡಕ್ಕೆ ಬೀಗ ಬಿದ್ದು ಊರೆಲ್ಲ ನಾರಿದ್ದು, ಆಮೇಲೆ ಅಷ್ಟೂ ಕಸ ಹೊತ್ತುಕೊಂಡ ಮಂಡೂರಿನ ಜನ 2014ರಲ್ಲಿ ‘ಇನ್ನು ಸಾಕು’ ಎಂದು ಲಾರಿ ತಡೆದದ್ದು, 2015ರ ಡಿಸೆಂಬರಿನಲ್ಲಿ ಹೈಕೋರ್ಟು ‘ಎರಡು ಬಕೆಟ್, ಒಂದು ಚೀಲ’ ಎಂದು ಆದೇಶಿಸಿದ್ದು, ಎಲ್ಲವೂ ಕ್ರಮವಾಗಿ ಬರುತ್ತವೆ. ಹಸಿರು ಬಕೆಟ್ಟಿಗೆ ಅಡುಗೆಮನೆಯ ಕಸ, ಕೆಂಪು ಬಕೆಟ್ಟಿಗೆ ಡೈಪರ್ ಮುಂತಾದವು, ಚೀಲಕ್ಕೆ ಒಣ ಕಸ. ಆ ಸುದ್ದಿಯ ಪೇಪರ್ ಕಟಿಂಗನ್ನು ರಾಯರು ಲ್ಯಾಮಿನೇಟ್ ಮಾಡಿಸಿ ಗೇಟಿನ ಪಕ್ಕ ತೂಗುಹಾಕಿದ್ದಾರೆ. ‘ನಾಯಿ ಇದೆ ಎಚ್ಚರಿಕೆ’ ಎಂಬ ಹಳೆಯ ಫಲಕ ಅದರ ಕೆಳಗಿದೆ. ನಾಯಿ ಸತ್ತು ವರ್ಷಗಳಾದವು, ಆದರೆ ಫಲಕಕ್ಕೆ ಅರ್ಥವಿಲ್ಲ ಎಂದು ಬೀದಿಯಲ್ಲಿ ಯಾರೂ ಹೇಳುವುದಿಲ್ಲ.

ರಾಯರ ವಿಷಯದಲ್ಲಿ ನಿಜವಾದ ತೊಂದರೆ ಏನೆಂದರೆ, ಅವರು ಹೇಳುವುದು ಸರಿ. ಎಲೆಕೋಸಿನ ದಂಟು, ಮಿಕ್ಕ ಚಿತ್ರಾನ್ನ, ಬಾಳೆಹಣ್ಣಿನ ಸಿಪ್ಪೆ ಇವೆಲ್ಲ ಕಸದ ಗುಡ್ಡದ ಅಡಿಯಲ್ಲಿ ಸಿಕ್ಕಿ ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಹುಟ್ಟುತ್ತದೆ. ನೂರು ವರ್ಷದ ಲೆಕ್ಕ ಹಿಡಿದರೆ ಅದು ಭೂಮಿಯನ್ನು ಬಿಸಿ ಮಾಡುವುದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು. ಅದೇ ದಂಟು ಹಿತ್ತಲಿನ ಮಡಕೆಯಲ್ಲಿ ಗಾಳಿಯಾಡುತ್ತ ಕೊಳೆತರೆ ಗೊಬ್ಬರವಾಗುತ್ತದೆ. ಇಷ್ಟನ್ನು ರಾಯರು ಮದುವೆಮನೆಯ ಊಟದ ಪಂಕ್ತಿಯಲ್ಲಿ, ಪಕ್ಕದ ಎಲೆಯಲ್ಲಿ ಬಿಟ್ಟ ಕೋಸಂಬರಿಯನ್ನು ಉದಾಹರಣೆಯಾಗಿ ತೋರಿಸುತ್ತ ವಿವರಿಸುತ್ತಾರೆ. ಪಕ್ಕದ ಎಲೆಯವರು ಪಾಯಸಕ್ಕೆ ಕಾಯದೆ ಎದ್ದುಹೋದ ಪ್ರಸಂಗಗಳಿವೆ. ನೀರಿಗೆ ರಾಯರು ಸ್ವಂತ ಸ್ಟೀಲ್ ಲೋಟ ಒಯ್ಯುತ್ತಾರೆ. ಅದಮ್ಯ ಚೇತನ ಎಂಬ ಸಂಸ್ಥೆಯವರು ಸಮಾರಂಭಗಳಿಗೆ ಸ್ಟೀಲ್ ತಟ್ಟೆ ಲೋಟ ಕೊಡುವ ‘ಪ್ಲೇಟ್ ಬ್ಯಾಂಕ್’ ನಡೆಸುತ್ತಾರೆಂದು ತಿಳಿದ ಮೇಲಂತೂ ಲಗ್ನಪತ್ರಿಕೆ ಕೊಡಲು ಬಂದವರನ್ನು ಕಾಫಿ ಕೊಡುವ ಮೊದಲೇ ವಿಚಾರಿಸುತ್ತಾರೆ: “ಪುಟ್ಟ ಬಾಟಲಿ ನೀರೋ, ಲೋಟವೋ?” ಕೆಲವರು ಈಗ ಪತ್ರಿಕೆಯನ್ನು ವಾಟ್ಸಾಪಿನಲ್ಲೇ ಕಳಿಸುತ್ತಾರೆ. ಕಾಗದ ಉಳಿಯಿತೆಂದು ರಾಯರಿಗೆ ಸಂತೋಷ.

ಇನ್ನು ಆ ಮಡಕೆ. ಮೂರು ಅಂತಸ್ತಿನ ಮಣ್ಣಿನ ಮಡಕೆ, ಪಕ್ಕದಲ್ಲಿ ಗಾಳಿಗೆ ತೂತು, ಮೇಲೊಂದು ಮುಚ್ಚಳ. ಹಸಿ ಕಸ ಒಂದು ಪದರ, ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ ಒಂದು ಪದರ, ಮೇಲೆ ಒಂದು ಲೋಟ ಹುಳಿ ಮಜ್ಜಿಗೆ. ವಾಸನೆ ಬಂದರೆ ಒಣ ಎಲೆ ಕಮ್ಮಿಯಾಯಿತೆಂದು ಅರ್ಥ. ಒಣಗಿ ಸುಮ್ಮನೆ ಬಿದ್ದಿದ್ದರೆ ನೀರು ಕಮ್ಮಿ. ರಾಯರು ಬಂದವರಿಗೆಲ್ಲ ಮುಚ್ಚಳ ತೆರೆದು, “ಮೂಗು ಹಿಡೀಬೇಡಿ, ಮೂಸಿ” ಎನ್ನುತ್ತಾರೆ. ಮೂಸಿದರೆ ನಿಜಕ್ಕೂ ಮಳೆ ಬಿದ್ದ ಮಣ್ಣಿನ ವಾಸನೆ. ಆದರೆ ಮೂಸುವ ಧೈರ್ಯ ಮಾಡಿದವರ ಕಣ್ಣು ಆಗಲೇ ಅಲ್ಲಿ ಕಿಲಬಿಲ ಎನ್ನುವ ಬೂದು ಹುಳುಗಳ ಮೇಲೆ ಬಿದ್ದಿರುತ್ತದೆ. ‘ಬ್ಲ್ಯಾಕ್ ಸೋಲ್ಜರ್’ ನೊಣದ ಮರಿಹುಳುಗಳು ಅವು. ಕಚ್ಚುವುದಿಲ್ಲ, ರೋಗ ತರುವುದಿಲ್ಲ, ಕಸವನ್ನು ಗಬಗಬ ತಿನ್ನುತ್ತವೆ. ಬಲಿತ ಮೇಲೆ ಮಾತ್ರ ಒಣ ಜಾಗ ಹುಡುಕಿಕೊಂಡು ಹೊರಡುತ್ತವೆ. ಒಮ್ಮೆ ಆ ಮೆರವಣಿಗೆ ಕಾಂಪೌಂಡಿನ ಅಡಿಯಿಂದ ಸಾಗಿ ಪಕ್ಕದ ಮನೆಯ ವರಮಹಾಲಕ್ಷ್ಮಿ ರಂಗೋಲಿಯ ನಟ್ಟನಡುವೆ ಬೀಡುಬಿಟ್ಟಿತು. ರಾಯರು ಕ್ಷಮೆ ಕೇಳುವ ಬದಲು ಅವು ಕೋಳಿಗೆ ಎಷ್ಟು ಪೌಷ್ಟಿಕ ಎಂದು ತಿಳಿಸಿದರು. ಎರಡೂ ಮನೆಯವರು ಶುದ್ಧ ಸಸ್ಯಾಹಾರಿಗಳು.

ಇಷ್ಟೆಲ್ಲ ಹೇಳಿದರೂ ತರಕಾರಿ ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ ಹಾಕುವವರು, ಎರಡು ದಿನಕ್ಕೊಮ್ಮೆ ಹಳೆಯ ಸೌಟಿನಲ್ಲಿ ಕೆದಕುವವರು, ಮಡಕೆ ತುಂಬಿದಾಗ ಮೇಲಿನದನ್ನು ಕೆಳಗಿಳಿಸುವವರು ರಾಯರ ಹೆಂಡತಿ. “ಭಾಷಣ ಇವರದು, ಸೌಟು ನಂದು” ಎಂದು ಆಕೆ ಒಂದೇ ಮಾತಿನಲ್ಲಿ ಮುಗಿಸುತ್ತಾರೆ.

ರಾಯರನ್ನು ತಿದ್ದಬಲ್ಲ ಇನ್ನೊಬ್ಬರು ಬೀದಿಯಲ್ಲಿದ್ದರೆ ಅದು ಆಟೋದ ಜೊತೆ ಬರುವ ಪೌರಕಾರ್ಮಿಕ ಹೆಂಗಸು. ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸಬಾರದು, ಆ ಚೂರು ಚರಂಡಿ ಸೇರುತ್ತದೆ ಎಂದು ರಾಯರು ಒಂದು ಬೆಳಗ್ಗೆ ಉಪದೇಶಿಸುತ್ತಿದ್ದರು. ಆಕೆ ಚೀಲದಿಂದ ಎರಡು ವಸ್ತು ಎತ್ತಿ ಹಿಡಿದಳು. “ಇದು ಹಾಲಿನ ಕವರ್ ಸಾರ್, ತೊಳೆದು ಒಣಗಿಸಿದ್ರೆ ಕೆ.ಜಿ. ಲೆಕ್ಕದಲ್ಲಿ ದುಡ್ಡು ಕೊಡ್ತಾರೆ. ಇದು ನಿಮ್ಮ ಚಿಪ್ಸ್ ಪ್ಯಾಕೆಟ್ಟು, ಒಳಗೆ ಬೆಳ್ಳಗೆ ಮಿಂಚ್ತದಲ್ಲ, ಇದನ್ನ ಗುಜರಿಯೋನೂ ಮುಟ್ಟಲ್ಲ. ತಿನ್ನೋದೇ ನಿಲ್ಲಿಸಿ.” ಮಾತು ಸರಿ. ಪದರ ಪದರ ಬೇರೆ ಬೇರೆ ವಸ್ತು ಅಂಟಿಸಿ ಮಾಡಿದ ಆ ಪೊಟ್ಟಣ ಬಹುಪಾಲು ಸಿಮೆಂಟ್ ಕಾರ್ಖಾನೆಯ ಒಲೆಗೇ ಹೋಗಬೇಕು. ಚಿಪ್ಸ್ ಯಾರ ಮನೆಯದೆಂದು ರಾಯರು ಆ ದಿನ ಡೈರಿಯಲ್ಲಿ ಬರೆಯಲಿಲ್ಲ.

ಕಸದ ಮೇಲಿನ ವ್ಯಾಮೋಹ ಮಳೆಗಾಲದಲ್ಲಿ ನೀರಿಗೆ ವರ್ಗವಾಗುತ್ತದೆ. 30x40 ಅಡಿಯ ಸೈಟಿನ ಮೇಲೆ ಬೆಂಗಳೂರಿನ ವರ್ಷದ ಮಳೆ ಪೂರ್ತಿ ಬಿದ್ದರೆ ಒಂದು ಲಕ್ಷ ಲೀಟರಿಗೂ ಮೇಲೆ ನೀರು. ಅದನ್ನು ಚರಂಡಿಗೆ ಬಿಟ್ಟು, ಸುಮಾರು 100 ಕಿಲೋಮೀಟರ್ ದೂರದ ಕಾವೇರಿಯನ್ನು ಕರೆಂಟು ಸುಟ್ಟು ಅರ್ಧ ಕಿಲೋಮೀಟರ್ ಮೇಲಕ್ಕೆತ್ತಿ ತಂದು ಕಾರು ತೊಳೆಯುವವರನ್ನು ರಾಯರು ಹೆಸರು ಹಿಡಿದು ಬೈಯುತ್ತಾರೆ. ಮಳೆನೀರು ಕೊಯ್ಲು ಕಡ್ಡಾಯವಾದದ್ದು 2009ರಲ್ಲಿ. ಆದರೆ ರಾಯರ ಪಾಲಿಗೆ ಯಾತ್ರಾಸ್ಥಳ ಅದಕ್ಕೂ ಹಳೆಯದು: ವಿಜಯನಗರದಲ್ಲಿ ಎ.ಆರ್. ಶಿವಕುಮಾರ್ 1990ರ ದಶಕದಲ್ಲಿ ಕಟ್ಟಿಸಿದ, ಜಲಮಂಡಳಿಯ ನಲ್ಲಿಯೇ ಇಲ್ಲದೆ ಮಳೆನೀರಲ್ಲಿ ನಡೆಯುವ ಮನೆ. ಅಲ್ಲಿಗೆ ಹೋಗಿ ಬಂದ ರಾಯರು ತಮ್ಮ ತಾರಸಿಯ ಪೈಪುಗಳನ್ನೆಲ್ಲ ಮುರಿಸಿ ಹೊಸದಾಗಿ ಜೋಡಿಸಿದರು. ಬೀದಿಯವರು ನಕ್ಕರು. 2024ರ ಮಾರ್ಚ್ ಬಂತು. ಬೋರ್‌ವೆಲ್‌ಗಳು ಕೆಮ್ಮತೊಡಗಿದವು, ಟ್ಯಾಂಕರ್ ರೇಟು ತಲೆಗೇರಿತು, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತು. ರಾಯರ ಸುವರ್ಣಯುಗ ಎಂದರೆ ಅದೇ. ನೀರಿನ ಹರಿವು ತಗ್ಗಿಸುವ ಏರಿಯೇಟರ್‌ಗಳ ಡಬ್ಬ ಹಿಡಿದು ಮನೆಮನೆಗೆ ನುಗ್ಗಿ ನಲ್ಲಿಯ ಮೂತಿಗೆ ತಿರುಗಿಸಿ ಕೂರಿಸಿದರು. ನಕ್ಕವರೇ “ಅಂಕಲ್, ನಮ್ಮ ಮನೆಗೆ ಯಾವಾಗ?” ಎಂದು ಕೇಳಿದರು. ಬಕೆಟ್ ತುಂಬುವುದು ನಿಧಾನವಾಯಿತೆಂದು ಗೊಣಗಿದ್ದು ಒಂದೇ ಮನೆಯಲ್ಲಿ, ಅದು ರಾಯರದೇ.

2025ರ ಅಕ್ಟೋಬರ್ ಕೊನೆಗೆ ಘನತ್ಯಾಜ್ಯ ನಿಗಮದವರು ‘ಕಸ ಸುರಿಯುವ ಹಬ್ಬ’ ಮಾಡಿ, ರಸ್ತೆಯಲ್ಲಿ ಕಸ ಎಸೆದವರ ಮನೆ ಮುಂದೆ ಕಸ ಸುರಿದು ಬಂದಾಗ ರಾಯರಿಗೆ ದೀಪಾವಳಿ ಎರಡನೇ ಸಲ ಬಂತು. ತಮ್ಮ ಬೀದಿಗೂ ಬರಲಿ ಎಂದು ಡೈರಿಯಿಂದ ವಿಳಾಸಗಳ ಪಟ್ಟಿ ತಯಾರಿಸಿ ಇಟ್ಟರು. ಯಾರೂ ಬಂದು ಕೇಳಲಿಲ್ಲ. ಆದರೆ ಪಟ್ಟಿಯ ಸುದ್ದಿ ಹೇಗೋ ಹಬ್ಬಿ, ಮೂಲೆಯ ಟ್ರಾನ್ಸ್‌ಫಾರ್ಮರ್ ಕೆಳಗಿನ ಕಸದ ರಾಶಿ ಒಂದೇ ವಾರದಲ್ಲಿ ಮಾಯವಾಯಿತು. ಈಗ ಅಲ್ಲಿ ನಾಲ್ಕು ದಾಸವಾಳದ ಕುಂಡಗಳಿವೆ. ಗೊಬ್ಬರ ಯಾರ ಮನೆಯದೆಂದು ಹೇಳಬೇಕಿಲ್ಲ, ಬೋರ್ಡೇ ಹಾಕಿದ್ದಾರೆ.

ಒಂದೊಂದು ವರ್ಷ ಏಪ್ರಿಲ್ ಬಂದರೆ ರಾಯ ದಂಪತಿ ಮಗನ ಮನೆಗೆ ನ್ಯೂಜೆರ್ಸಿಗೆ. ಮಡಕೆ ಪಕ್ಕದ ಮನೆಯವರ ವಶಕ್ಕೆ. ಮಧ್ಯರಾತ್ರಿಯ ವಿಡಿಯೋ ಕಾಲಿನಲ್ಲಿ “ಸ್ವಲ್ಪ ಬಗ್ಗಿಸಿ, ತಳ ಕಾಣಿಸ್ಲಿ” ಎಂಬ ತಪಾಸಣೆ. ಕಳೆದ ಸಲ ಹೈಸ್ಕೂಲಿನ ಮೊಮ್ಮಗಳು ಶಾಲೆಯ ಪ್ರಾಜೆಕ್ಟಿಗೆಂದು ತಾತನ ಲೆಕ್ಕ ತೆಗೆದಳು. ಬೆಂಗಳೂರಿನಿಂದ ಅಲ್ಲಿಗೆ ಹೋಗಿ ಬರಲು ವಿಮಾನದ ಒಂದೊಂದು ಸೀಟಿನ ಪಾಲಿಗೆ ಬೀಳುವ ಇಂಗಾಲದ ಡೈಆಕ್ಸೈಡು ಒಂದು ಟನ್ನಿಗೂ ಮೇಲೆ.

“ತಾತ, ಇದನ್ನ ಸರಿದೂಗಿಸೋಕೆ ಎಷ್ಟು ವರ್ಷ ತರಕಾರಿ ಸಿಪ್ಪೆ ಕೊಳೆಸ್ಬೇಕು?”

ರಾಯರು ಕನ್ನಡಕ ಒರೆಸಿಕೊಂಡರು. “ಅದಕ್ಕೇ ಮರಿ, ನಾವು ಬಂದರೆ ಆರು ತಿಂಗಳು ಇರೋದು. ಮೂರು ಮೂರು ತಿಂಗಳಿಗೆ ಎರಡು ಸಲ ಬಂದಿದ್ರೆ ಡಬಲ್ ಆಗ್ತಿತ್ತು.” ಅಡುಗೆಮನೆಯಿಂದ ಸೊಸೆ ಏನನ್ನೋ ಕೆಳಗೆ ಬೀಳಿಸಿದ ಸದ್ದಾಯಿತು.