ಬ್ಲೇಡಿನಿಂದ ಹರಿಸಿದ ಹೊಳೆ

ಹಾಡಿನ ಉದ್ದ 18 ನಿಮಿಷ ಚಿಲ್ಲರೆ. ಖಯಾಲ್ ಕೇಳಿ ಬೆಳೆದ ಧಾರವಾಡದವರಿಗೆ ಇದೇನು ಮಹಾ? ಅಷ್ಟು ಹೊತ್ತಿಗೆ ಅಲ್ಲಿ ಗಾಯಕರು ತಾರಷಡ್ಜದ ಕಡೆ ಇನ್ನೂ ಕಣ್ಣೆತ್ತಿ ಕೂಡ ನೋಡಿರುವುದಿಲ್ಲ. ಆದರೆ ಮೂರು ನಿಮಿಷಕ್ಕೆ ಮಂಗಳ ಹಾಡುವ ಪಾಪ್ ಲೋಕದ ಪಕ್ಕದಲ್ಲೇ ನಿಂತು, ಎಲ್‌ಪಿ ತಟ್ಟೆಯ ಒಂದಿಡೀ ಮಗ್ಗುಲನ್ನು ಒಂದೇ ಹಾಡಿಗೆ ಬಿಟ್ಟುಕೊಡಲು ಗುಂಡಿಗೆ ಬೇಕು. 1972ರಲ್ಲಿ ಲಂಡನ್ನಿನ ‘ಯೆಸ್’ ರಾಕ್ ತಂಡದ ಐವರಿಗೆ ಆ ಗುಂಡಿಗೆಯಿತ್ತು. ಹಾಡು ‘ಕ್ಲೋಸ್ ಟು ದಿ ಎಡ್ಜ್’.

ಗಾಯಕ ಜಾನ್ ಆಂಡರ್ಸನ್ನಿಗೆ ಇದರ ಬೀಜ ಸಿಕ್ಕಿದ್ದು ಹರ್ಮನ್ ಹೆಸ್ಸೆಯ ‘ಸಿದ್ಧಾರ್ಥ’ ಕಾದಂಬರಿಯಲ್ಲಿ. ಹೊಳೆಯ ದಡದಲ್ಲಿ ಕೂತು ಹೊಳೆಯಿಂದಲೇ ಪಾಠ ಕಲಿಯುವವನ ಕಥೆ ಅದು. ಹೆಸ್ಸೆಯ ತಾಯಿ ಹುಟ್ಟಿದ್ದು ಕೇರಳದ ತಲಶ್ಶೇರಿಯಲ್ಲಿ. ಅಜ್ಜ ಗುಂಡರ್ಟ್ ಮಲಯಾಳಕ್ಕೆ ನಿಘಂಟು ಕಟ್ಟಿದ ಬಾಸೆಲ್ ಮಿಷನ್ ಪಾದ್ರಿ. ಮಂಗಳೂರಿನಲ್ಲಿ ಹೆಂಚು ಸುಟ್ಟದ್ದೂ 1843ರಲ್ಲಿ ‘ಮಂಗಳೂರು ಸಮಾಚಾರ’ ಹೊರಡಿಸಿದ್ದೂ ಅದೇ ಮಿಷನ್ನಿನವರು. ಹಾಗಾಗಿ ಕರಾವಳಿಯ ಹಳೇ ಮನೆಗಳ ಮಾಡಿಗೂ ಈ ಹಾಡಿಗೂ ಸುತ್ತುಬಳಸಿನ ನಂಟಸ್ತಿಕೆಯೊಂದಿದೆ. ಅಲ್ಲಿನವರು ಇದನ್ನು ಹೇಳಿಕೊಂಡು ಬೀಗಬಹುದಿತ್ತು, ಯಾರೂ ಬೀಗಿದಂತಿಲ್ಲ.

ಹಾಡು ಶುರುವಾಗುವುದೂ ನೀರಿನ ಸದ್ದು, ಹಕ್ಕಿಗಳ ಕಲರವದಿಂದ. ಕೇಳುವಾಗ ಎಲ್ಲ ಒಂದೇ ಓಘದಲ್ಲಿ ಹರಿದುಬಂದಂತಿದೆ. ಹುಟ್ಟಿದ ಬಗೆ ಮಾತ್ರ ನಮ್ಮ ಅಜ್ಜಿಯರು ಕೌದಿ ಹೊಲಿದ ಬಗೆ. ಅಡ್ವಿಷನ್ ಸ್ಟುಡಿಯೋದಲ್ಲಿ ನಾಲ್ಕಾರು ಆವರ್ತ ನುಡಿಸುವುದು, ನಿಲ್ಲಿಸುವುದು, ವಾದಿಸುವುದು, ಮತ್ತೆ ನಾಲ್ಕಾರು ಆವರ್ತ. ಧ್ವನಿಮುದ್ರಕ ಎಡ್ಡಿ ಆಫರ್ಡ್ ಆ ಟೇಪಿನ ತುಂಡುಗಳನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸುತ್ತಿದ್ದ. ಬೇಕಾದ ತುಂಡೊಂದನ್ನು ಕಸವೆಂದು ಗುಡಿಸಿ ಹೊರಗೆಸೆದಿದ್ದರು, ಮಹಾನ್ ಕಲಾವಿದರು ಬೀದಿಯ ಕಸದ ಡಬ್ಬಿಯಲ್ಲಿ ಕೈಯಾಡಿಸಿ ಅದನ್ನು ಹುಡುಕಿ ತಂದರು ಎಂಬ ಕಥೆಯೂ ಇದೆ. ನನಗೆ ಆ ಕಥೆ ಇಡೀ ಹಾಡಿನಷ್ಟೇ ಇಷ್ಟ.

ನಡುವೆ ಗುಡುಗುವ ಆರ್ಗನ್ನಿಗಾಗಿ ಕೀಬೋರ್ಡಿನ ರಿಕ್ ವೇಕ್‌ಮನ್ ಲಂಡನ್ನಿನ ಸೇಂಟ್ ಜೈಲ್ಸ್ ಇಗರ್ಜಿಗೇ ಹೋದ. ಸ್ಟುಡಿಯೋದ ಕೀಬೋರ್ಡಿನಲ್ಲಿ ಕೆಲಸ ಸಾಗಿಸಬಹುದಿತ್ತಲ್ಲ ಎಂದು ಕೇಳುವವರು ಆ ಜಾಗ ಬಂದಾಗ ವಾಲ್ಯೂಮ್ ಸ್ವಲ್ಪ ಏರಿಸಲಿ. ನಮ್ಮ ಮನೆಯಲ್ಲಿ ಹಾಗೆ ಏರಿಸಿದರೆ ಒಳಗಿನಿಂದ ಬರುವ ಪ್ರಶ್ನೆ ಒಂದೇ: “ಇದು ಅದೇ ಹಾಡಾ, ಇನ್ನೂ ಮುಗಿದಿಲ್ವಾ?”

ಡ್ರಮ್ಮಿನ ಬಿಲ್ ಬ್ರುಫರ್ಡನದೂ ಹೆಚ್ಚುಕಡಿಮೆ ಅದೇ ಪ್ರಶ್ನೆ. ಸ್ಟುಡಿಯೋದ ಸೋಫಾದಲ್ಲಿ ಒಂದು ನಿದ್ದೆ ತೆಗೆದು ಎದ್ದರೂ ಬಾಸ್ ಗಿಟಾರಿನ ಕ್ರಿಸ್ ಸ್ಕ್ವೈರ್ ಅದೇ ಭಂಗಿಯಲ್ಲಿ ಗುಂಡಿ ತಿರುಗಿಸುತ್ತ ಕೂತಿರುತ್ತಿದ್ದನೆಂದು ಆಮೇಲೆ ನೆನಪಿಸಿಕೊಂಡಿದ್ದಾನೆ. ಆಲ್ಬಮ್ಮಿಗೆ ಆ ಹೆಸರು ಸೂಚಿಸಿದ್ದು ತಾನೇ ಎಂದೂ ಬ್ರುಫರ್ಡ್ ಹೇಳಿಕೊಂಡಿದ್ದಾನೆ. ತಂಡದ ಆಗಿನ ಸ್ಥಿತಿಗೂ ‘ಅಂಚಿನ ಹತ್ತಿರ’ ಎಂಬರ್ಥದ ಆ ಹೆಸರು ಒಪ್ಪುತ್ತಿತ್ತು. ಧ್ವನಿಮುದ್ರಣ ಮುಗಿದದ್ದೇ ತಡ, ಬ್ರುಫರ್ಡ್ ಕಿಂಗ್ ಕ್ರಿಮ್ಸನ್ ತಂಡಕ್ಕೆ ಹೊರಟೇ ಹೋದ.

ಬದಲಿಗೆ ಬಂದ ಅಲನ್ ವೈಟ್‌ಗೆ ಅಮೆರಿಕ ಪ್ರವಾಸಕ್ಕೆ ಮೊದಲು ಸಿಕ್ಕಿದ್ದು ಮೂರೇ ದಿನ. ಪಾಪ ಅನಿಸುತ್ತದೆ, ಆದರೆ ಉಳಿದವರ ಪಾಡೂ ಬೇರೆಯಲ್ಲ. ತುಂಡು ತುಂಡಾಗಿ ನುಡಿಸಿದ್ದನ್ನು ವೇದಿಕೆಯ ಮೇಲೆ ಒಂದೇ ಉಸಿರಿಗೆ ನುಡಿಸಬೇಕಾಗಿದ್ದರಿಂದ, ತಮ್ಮದೇ ಹಾಡನ್ನು ಅವರೂ ಮೊದಲಿಂದ ಕಲಿಯಲು ಕೂತರು.