ಬೆಚ್ಚನೆ ಕಡಲಿಗೆ ಯಾವ ಅಂಗಿ?

ಮಂಗಳೂರಿನ ಉತ್ತರಕ್ಕಿರುವ ಸಸಿಹಿತ್ಲು ಕಡಲಿಗೆ ಸರ್ಫಿಂಗ್ ಕಲಿಯಲು ಬರುವ ಹೊಸಬರಿಗೆ ಕಪ್ಪು ರಬ್ಬರಿನ ವೆಟ್‌ಸೂಟ್ ಮೇಲೆ ಎಲ್ಲಿಲ್ಲದ ಮೋಹ. ಅದನ್ನು ಜನಪ್ರಿಯಗೊಳಿಸಿದ ಜಾಕ್ ಓನೀಲ್ 1952ರಲ್ಲಿ ಅಂಗಡಿ ತೆರೆದದ್ದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಅಲ್ಲಿನ ಸಮುದ್ರ ಸುಮಾರು 13 ಡಿಗ್ರಿ, ಹಲ್ಲು ಕಟಕಟ. ಇಲ್ಲಿ ಸಾಮಾನ್ಯವಾಗಿ 28, ಏಪ್ರಿಲ್-ಮೇ ಹೊತ್ತಿಗೆ 30ರ ಆಸುಪಾಸು. ಆ ರಬ್ಬರು ತೊಟ್ಟು ನಿಂತವನು ಹಲಸಿನೆಲೆಯೊಳಗೆ ಬೇಯುವ ಕೊಟ್ಟೆ ಕಡುಬು.

ಹಾಗಂತ ಬರಿಮೈಯೂ ಕಷ್ಟ.

ಉಪ್ಪು, ಮರಳು, ಹಲಗೆಗೆ ಬಳಿದ ಮೇಣ ಮೂರೂ ಸೇರಿ ಎದೆ-ಹೊಟ್ಟೆಯನ್ನು ತೆಂಗಿನಕಾಯಿಯಂತೆ ತುರಿಯುತ್ತವೆ; ಬೆನ್ನನ್ನು ಸೂರ್ಯ ನೋಡಿಕೊಳ್ಳುತ್ತಾನೆ. ಮೈಗಂಟುವ ತುಂಬುತೋಳಿನ ರ್‍ಯಾಶ್ ಗಾರ್ಡ್, ಬೇಗ ಒಣಗುವ ಚಡ್ಡಿ ಧಾರಾಳ ಸಾಕು. ಮೇಣವೂ ಉಷ್ಣವಲಯದ್ದೇ ಬೇಕು. ತಣ್ಣೀರಿನ ಮೇಣ ಇಲ್ಲಿ ದೋಸೆ ಮೇಲಿನ ಬೆಣ್ಣೆ. ಚಡ್ಡಿಯ ಲಾಡಿ ಮಾತ್ರ ಬಿಗಿಯಾಗಿರಬೇಕು. ಏಕೆಂಬುದನ್ನು ಮೊದಲ ದೊಡ್ಡ ಅಲೆಯೇ ವಿವರಿಸುತ್ತದೆ, ಅದೂ ದಡದವರ ಸಮ್ಮುಖದಲ್ಲಿ.